ಅತ್ತೆಯ ಆಂಕ್ಷಿಯಸ್

ಆಪರೇಷನ್ ಕೊಠಡಿಯ ಹೊರಗೆ, ನನ್ನೆದುರಿನ ಬೆಂಚಿನಲ್ಲಿ, ಒಂದೇ ಬಗೆಯ ಹಸಿರು ನಿಲುವಂಗಿ ತೊಟ್ಟು ಅತ್ತೆ ಸೊಸೆ ಕೂತಿದ್ದರು.

“ಆ ನರ್ಸು ನಿನ್ನನ್ನ ಇಂಗ್ಲಿಷಲ್ಲಿ ಏನೇ ಕೇಳಿದ್ದು?” ಎಂದರು ಅತ್ತೆ.

“ಆಂಕ್ಷಿಯಸ್ ಆಗಿದೀರಾ ಅಂತ.”

“ಅಂದ್ರೆ ಭಯಾನಾ?”

“ಭಯ ಹಾವು ಕಂಡಾಗ ಆಗೋದು, ಅತ್ತೆ. ಇದು, ಹಾವು ಇದೆಯೋ ಇಲ್ವೋ ಗೊತ್ತಾಗದೆ ಹೊಟ್ಟೇಲಿ ಕಳವಳ ಆಗುತ್ತಲ್ಲ, ಅದು.”

“ನೀನೇನಂದೆ?”

“ಹೌದು ಅಂದೆ.”

“ಅಯ್ಯೋ ಪುಣ್ಯಾತ್ಗಿತ್ತಿ! ಹಾಗಂದ್ರೆ ನಿನ್ನ ಕಿಡ್ನಿ ಬೇಡ ಅಂತಾರೆ ಕಣೇ!”

“ಅನ್ನಲ್ಲ. ಯಾವುದರ ಬಗ್ಗೆ ಆಂಕ್ಷಿಯಸ್ಸು ಅಂತ ಕೇಳಿದ್ರು, ಅಷ್ಟೆ. ನನ್ನ ಕಿಡ್ನಿ ನನ್ನಷ್ಟೇ ಹಠಮಾರಿ, ನಮ್ಮತ್ತೆ ಜೊತೆ ಹೊಂದ್ಕೊಂಡು ಹೋಗುತ್ತೋ ಇಲ್ವೋ ಅಂತ ಅಂದೆ.”

“ನಾನು ಹೊಂದ್ಕೋತೀನಿ ಬಿಡು. ಇಷ್ಟು ವರ್ಷ ನಿನ್ನ ಜೊತೆ ಹೊಂದ್ಕೊಂಡಿಲ್ವಾ?”

“ಯಾರು, ನೀವಾ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ನಗುವನ್ನು ಆ ಜಾಗದಲ್ಲಿ ನಾನು ಕೇಳಿರಲಿಲ್ಲ.

ನರ್ಸ್ ಗಾಲಿಕುರ್ಚಿ ತಂದು ಮೊದಲು ಸೊಸೆಯನ್ನು ಕೂರಿಸಿದರು. ಹಾಗೇ ಅತ್ತೆಯ ಕಡೆ ತಿರುಗಿ, “ನೀವು ಆಂಕ್ಷಿಯಸ್ ಆಗಿದೀರಾ, ಅಮ್ಮಾ?” ಎಂದರು.

“ಹೂಂ,” ಎಂದು ಅತ್ತೆ ಸೊಸೆಯತ್ತ ಕೈ ಮಾಡಿದರು. “ಇವಳ ಬಗ್ಗೆ.”

ಗಾಲಿಕುರ್ಚಿ ಬಾಗಿಲು ದಾಟಿದ ಮೇಲೂ ಆ ಕೈ ಇಳಿಯಲಿಲ್ಲ.