ಮಧ್ಯಾಹ್ನದವರೆಗಿನ ಮೌನ

…ಅಲ್ಲ ತಂಗ್ಯಮ್ಮಾ, ಎದ್ದು ಹೋಗ್ಬೇಡ, ಕೂತ್ಕೋ! ಇಬ್ಬರಿಗೂ ಕಾಫಿ ಹೇಳಿದ್ದೀನಿ. ವಿಶ್ವಸಭೆಯ ಮೇಲಿನ ಮಹಡಿಯಲ್ಲಿ ಇಲ್ದಿದ್ರೇನು, ಕೆಳಗೆ ಕ್ಯಾಂಟೀನಲ್ಲಿ ನಿನ್ನ ಪುಟಾಣಿ ದೇಶಕ್ಕೆ ಖಾಯಂ ಕುರ್ಚಿ ಇದೆಯಲ್ಲ… ನಗು ಬರ್ಲಿಲ್ವಾ? ಹೋದ ವಾರ ಇದೇ ಜೋಕಿಗೆ ನೀನು ಬಿದ್ದು ಬಿದ್ದು ನಕ್ಕಿದ್ದೆ!

ಹೋಗ್ಲಿ ಬಿಡು. ನಿನ್ನ ಸಂಕಟ ಈ ಅಣ್ಣನಿಗೆ ಗೊತ್ತಾಗಲ್ವಾ? ವರ್ಷಗಟ್ಟಲೆ ದೇಶ ದೇಶದ ಬಾಗಿಲು ತಟ್ಟಿ ಬರೆದ ಕರಡು! ಮೇಲೆ ಖಾಯಂ ಕುರ್ಚಿ ಹಿಡಿದು ಕೂತ ನಾಲ್ಕು ದೊಡ್ಡ ದೇಶ, ಆ ದೊಡ್ಡಣ್ಣಂದಿರಲ್ಲಿ ಒಬ್ಬ ‘ಬೇಡ’ ಅಂದ ಅಂತ ಇಡೀ ಜಗತ್ತಿನ ಕೆಲಸ ನಿಲ್ಲಬಾರದು, ಅಷ್ಟೇ ತಾನೇ ನೀನು ಕೇಳಿದ್ದು? ನ್ಯಾಯವಾದ ಮಾತು! ಊರಿಗೊಬ್ಬನೇ ಯಜಮಾನ ಅನ್ನೋ ಕಾಲ ಹೋಯ್ತು, ಈಗ ಬೀದಿಗೊಬ್ಬ. ನಮ್ಮ ದೇಶದ ಪರವಾಗಿ ನಾನೇ ಎಷ್ಟು ಭಾಷಣ ಬಿಗಿದಿಲ್ಲ! ಕೊನೆಗೆ ದೊಡ್ಡಣ್ಣಂದಿರೂ ಸುಸ್ತಾಗಿ ಬಾಯಿ ಮುಚ್ಕೊಂಡಿದ್ರು. ಇವತ್ತು ಮಧ್ಯಾಹ್ನದವರೆಗೆ ಯಾರೂ ಉಸಿರೆತ್ತದಿದ್ರೆ ಕರಡು ಪಾಸು. ನಮ್ಮ ಸಭೆಯ ಪದ್ಧತಿಯೇ ಅದು, ಮೌನವೇ ಸಮ್ಮತಿ. ಅಷ್ಟರಲ್ಲಿ ಯಾವನೋ ಅಧ್ಯಕ್ಷರಿಗೆ ಫೋನ್ ಮಾಡಿ ‘ಆಕ್ಷೇಪ ಇದೆ’ ಅಂದ್ಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ!

ಯಾರು ಅಂತ ನಂಗೇನು ಗೊತ್ತು? ಅಧ್ಯಕ್ಷರು ಹೆಸರು ಬಾಯಿ ಬಿಡಲ್ಲ. ಪಾಪ, ಅವನ ಕಷ್ಟ ಅವನಿಗೆ… ‘ಐದನೇ ಖಾಯಂ ಕುರ್ಚಿ ನಿಮಗೇ, ಬೇಡ ಅನ್ನೋ ಹಕ್ಕಿನ ಸಮೇತ’ ಅಂತ ದೊಡ್ಡಣ್ಣಂದಿರು ಬೆಳಿಗ್ಗೆ ಕಿವಿ ಊದಿದ್ರೆ, ಅವನ ಸರ್ಕಾರ ಬಿಡುತ್ತಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆ ಕಾಲ ಬಂದ ದಿನವೇ ಬೀಗದ ಕೈ ಬಾವಿಗೆ ಎಸಿ ಅಂದ್ರೆ ಯಾವ ಸೊಸೆ ಎಸೀತಾಳೆ, ನೀನೇ ಹೇಳು!

ಯಾಕೆ ಹುಬ್ಬೇರಿಸ್ತೀಯ? ಕುರ್ಚಿ ವಿಷಯ ನಂಗೆ ಹೇಗೆ ಗೊತ್ತಾಯ್ತು ಅಂತಾನಾ? ಲಿಫ್ಟಲ್ಲಿ ಯಾರೋ ಮಾತಾಡ್ಕೋತಿದ್ರು… ಅಲ್ಲೇನು ಬೆರಳು ತೋರಿಸ್ತಿದ್ದೀಯ? ಓ… ಲಿಫ್ಟ್ ಬೆಳಿಗ್ಗೆಯಿಂದ ಕೆಟ್ಟಿದೆ. ಹಾಗಾದ್ರೆ ಮೆಟ್ಟಿಲ ಮೇಲೆ! ಎಲ್ಲಾದ್ರೇನಮ್ಮ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು…

ಕಾಫಿ ಆರಿ ಹೋಗ್ತಿದೆ, ಕುಡಿ.

ಕುಡಿಯಲ್ವಾ?

ಇಲ್ಲಿಗೆ ಬಂದ ಮೊದಲ ದಿನದಿಂದ ಮಾತಿಗೆ ಮುಂಚೆ ‘ಅಣ್ಣಾ’ ಅಂದವಳು ನೀನು. ಇವತ್ತು ತುಟಿ ಪಿಟಕ್ ಅಂದಿಲ್ಲ. ನಾನು ಈ ಕ್ಯಾಂಟೀನಿಗೆ ಬರೋ ಮೊದಲೇ ನಿಂಗೆ ಗೊತ್ತಿತ್ತಾ? ಮೇಲಿಂದ ಆಜ್ಞೆ ಬಂದಿತ್ತು ಕಣೇ… ಎರಡು ಸಲ ಫೋನ್ ಎತ್ತಿ ಇಟ್ಬಿಟ್ಟಿದ್ದೆ, ನಿನ್ನಾಣೆ!

ಮೌನವೇ ಸಮ್ಮತಿ ಅಂತ ತಿಳ್ಕೊಳ್ಳಲಾ? ಇಲ್ಲ… ಇದು ಆ ಮೌನ ಅಲ್ಲ. ಚೀಲ ಯಾಕೆ ತಗೋತೀಯ? ನಿಲ್ಲು! ಬೈಯಿ, ಜಗಳ ಆಡು… ಆಕ್ಷೇಪ ಇದೆ ಅಂತಾದ್ರೂ ಅನ್ನು. ಎರಡೇ ಮಾತು ತಂಗ್ಯಮ್ಮಾ… ನಾನು ಅಂದಷ್ಟೇ.