ಅಣ್ಣನ ಮನೆಯ ಪೈಪು

ವೇದಿಕೆಯಲ್ಲಿರುವ ಓಣಿ ಸಂಘದ ಅಧ್ಯಕ್ಷರಾದ ಸಿದ್ದೇಶ್ವರ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸಾಹೇಬರೇ, ಚಿದ್ರಿಯ ನನ್ನ ನೆರೆಹೊರೆಯವರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಿವೃತ್ತ ನರ್ಸ್ ಫ್ಲಾರೆನ್ಸಳಾದ ನನಗೆ ಇಂದು ಶಾಲು ಹೊದಿಸಿದ್ದೀರಿ. ಓಣಿಯ ಆರಂಭದಲ್ಲಿ 'ಶುದ್ಧ ಗಾಳಿಯ ಓಣಿ' ಎಂಬ ಫಲಕ ನಿಲ್ಲಿಸಿದ್ದೀರಿ. ಮನೆಗಳ ರೇಡಾನ್ ಪರೀಕ್ಷೆಯನ್ನು ಇಲ್ಲಿಗೆ ತಂದವಳು ನಾನೆಂದು ಈ ಗೌರವ. ಹಾಗಾದರೆ ಏಕೆ ತಂದೆ ಎಂಬುದನ್ನೂ ಹೇಳಬೇಕಲ್ಲವೇ?

ನನ್ನ ಅಣ್ಣ ಸಿಲಾಸ ನಿಮ್ಮಲ್ಲಿ ಅನೇಕರಿಗೆ ಗಣಿತ ಕಲಿಸಿದವನು. ನಿಮಗೆ ಎಷ್ಟು ಬಂತೋ ಗೊತ್ತಿಲ್ಲ, ಅವನಂತೂ ಕಲಿಸಿದ. ಬೀಡಿ ಮುಟ್ಟಿದವನಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಸೇದ್ತೀರಿ?" ಅಣ್ಣ ನಕ್ಕು, "ಬೋರ್ಡಿನ ಮ್ಯಾಲ ಬರಿಯೋ ಖಡುವಿನ ಧೂಳ ಬಿಟ್ರ ಏನೂ ಒಳಗ ಹೋಗಿಲ್ರಿ," ಎಂದ. ಆಸ್ಪತ್ರೆಯವರು ನಂಬಿದರು. ಓಣಿ ನಂಬಲಿಲ್ಲ. ಅವನನ್ನು ಮಣ್ಣು ಮಾಡಿದ ದಿನ ನನ್ನ ಬೆನ್ನ ಹಿಂದೆಯೇ ಒಬ್ಬರು, "ಮಾಸ್ತರು ಕದ್ದು ಸೇದ್ತಿದ್ರಂತ. ಅದಕ್ಕೇ ಖೋಲಿ ಬಾಗ್ಲ ಹಾಕ್ಕೊಂಡು ಕೂಡ್ತಿದ್ರು," ಎಂದರು. ಹೌದು, ಬಾಗಿಲು ಹಾಕಿಕೊಂಡೇ ಕೂರುತ್ತಿದ್ದ. ನಿಮ್ಮ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದ. ಕಿಟಕಿಯಿಲ್ಲದ ಒಳಖೋಲಿ ಅದು. ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ಅಲ್ಲೇ ಮಲಗುತ್ತಿದ್ದ.

ರೇಡಾನ್ ಎಂಬುದು ವಿಕಿರಣ ಸೂಸುವ ಅನಿಲ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲುಮಣ್ಣಿನಲ್ಲಿ ಹುಟ್ಟಿ ನೆಲದ ಬಿರುಕುಗಳಿಂದ ಮೇಲೆ ಬರುತ್ತದೆ. ಬಯಲಿನಲ್ಲಿ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅಣ್ಣನಿಗೆ ಅದರಿಂದಲೇ ಬಂತೆಂದು ಯಾರೂ ಹೇಳಲಾರರು. ನಾನೂ ಹೇಳುವುದಿಲ್ಲ. ಆದರೆ ಅಳೆದು ನೋಡಬಹುದಿತ್ತು.

ಆಮೇಲೆ ಅಳೆಯುವವರನ್ನು ಒಂದು ಕಾಲೇಜಿನಿಂದ ಕರೆತಂದೆ. ರೇಡಾನ್ ಅಳೆಯುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಮನೆಗೊಂದರಂತೆ ಕೊಟ್ಟರು. ಮಲಗುವ ಖೋಲಿಯಲ್ಲಿ ಮೂರು ತಿಂಗಳು ತೂಗುಹಾಕಿ, ಬಾಗಿಲು ಕಿಟಕಿ ಎಂದಿನಂತೆಯೇ ಇರಲಿ ಎಂದರು. ನೀವೇನು ಮಾಡಿದಿರಿ? ಹೊರಗಿನವರು ಮನೆ ನೋಡಲು ಬರುತ್ತಾರೆಂದರೆ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದಿರಿ. ಸುಭದ್ರಾಬಾಯಿಯವರು ಡಬ್ಬಿಯನ್ನು ಪಡಸಾಲೆಯ ಫೋಟೋಗಳ ಸಾಲಿನಲ್ಲಿ ತೂಗುಹಾಕಿದರು. "ಒಳಗ ಇಟ್ರ ಯಾರಿಗಿ ಕಾಣ್ತದ್ರಿ ಸಿಸ್ಟರ್?" ಸಲಾವೋದ್ದೀನ ಭಾಯಿ ಅಂಗಡಿಯ ತಗಡಿನ ಕೆಳಗೆ ಕಟ್ಟಿದರು. "ಇಲ್ಲಿ ಹವಾ ಛಲೋ ಅದ." ನಮ್ಮ ಅಧ್ಯಕ್ಷರು ಮೂರೂ ತಿಂಗಳು ಕಿಟಕಿ ಮುಚ್ಚಲಿಲ್ಲ. "ನಮ್ಮ ಮನಿ ಫೇಲಾಗಬಾರ್ದು ನೋಡ್ರಿ." ಥರ್ಮಾಮೀಟರನ್ನು ಅಂಗಳದ ಗಿಡಕ್ಕೆ ಕಟ್ಟಿ ರೋಗಿಗೆ ಜ್ವರವಿಲ್ಲ ಎಂದ ಹಾಗಾಯಿತು.

ನನ್ನ ಅತ್ತಿಗೆ ಎಲೀನಾ ಮಾತ್ರ ಡಬ್ಬಿಯನ್ನು ಅಣ್ಣನ ಮಂಚದ ಮೇಲೆ ತೂಗುಹಾಕಿ, ಅವನು ಹಾಕಿಕೊಳ್ಳುತ್ತಿದ್ದಂತೆಯೇ ಬಾಗಿಲು ಹಾಕಿದಳು. ನಿಮ್ಮೆಲ್ಲರ ಮನೆ ಪಾಸಾಯಿತು, ಅವಳದು ಫೇಲಾಯಿತು. ಆಗ ನೀವು, "ಮಾಸ್ತರ ಕದ್ದು ಸೇದಿಲ್ಲ ಬಿಡ್ರಿ," ಎಂದಿರಾ? ಇಲ್ಲ. "ಆ ಮನಿದಾಗೇ ಏನೋ ಅದ," ಎಂದಿರಿ. ಆ ಒಂದು ಮನೆಯನ್ನು ಲೆಕ್ಕದಿಂದ ಬಿಟ್ಟು ಫಲಕ ಬರೆಸಿದಿರಿ.

ನೆಲದ ಬಿರುಕು ತುಂಬಿಸಿದೆವು. ನೆಲದಡಿಯಿಂದ ಮಾಳಿಗೆಯ ಮೇಲಕ್ಕೆ ಪೈಪು ಹಾಕಿ, ಗಾಳಿಯನ್ನು ಹೊರಗೆಳೆಯುವ ಫ್ಯಾನು ಕೂರಿಸಿದೆವು. ಮತ್ತೆ ಅಳೆದಾಗ ಪ್ರಮಾಣ ಇಳಿದಿತ್ತು. ಈಗ ಆ ಖೋಲಿಯಲ್ಲಿ ಎಲೀನಾ ಮೊಮ್ಮಗಳೊಂದಿಗೆ ಮಲಗುತ್ತಾಳೆ. ಕರೆಂಟು ಹೋಗಿ ಫ್ಯಾನು ನಿಂತರೆ ನನಗೆ ಇಲ್ಲಿ, ಎದೆಯಲ್ಲಿ, ಹಿಡಿದಂತಾಗುತ್ತದೆ. ಅದು ರೇಡಾನಿನಿಂದ ಅಲ್ಲ ಡಾಕ್ಟರ್ ಸಾಹೇಬರೇ, ಅಷ್ಟು ನನಗೆ ಗೊತ್ತು.

ಕಳೆದ ವಾರ ಸಂಘದವರು ಅತ್ತಿಗೆಯ ಮನೆಗೆ ಬಂದರು. "ವೈನಿ, ಆ ಪೈಪ್ ತೆಗಸ್ರಿ. ಗೆಸ್ಟ್ ಕೇಳಿದ್ರ ಏನ್ ಹೇಳಾದು? ಓಣಿ ಹೆಸರು ಕೆಡ್ತದ." ಎಲೀನಾ ಚಹಾ ಕೊಟ್ಟಳು. ಅವರು ಕುಡಿದು ಮುಗಿಸುವ ತನಕ ಕಾದು, "ನಮ್ಮನಿಯವರ ಹೆಸರು ಕೆಡಿಸ್ದಾಗ ಯಾರಿಗಿ ಕೇಳಿದ್ರಿ?" ಎಂದಳು. ಅತಿಥಿಗಳೇ, ಸಂಘದವರು ನಿಮಗೆ ಹೇಳಲಾರದ್ದನ್ನು ನಾನು ಹೇಳಿದ್ದೇನೆ. ಪೈಪು ತೆಗೆಯುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಹೊಸ ಡಬ್ಬಿಗಳು ಬಂದಿವೆ. ಈ ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು, ಡಬ್ಬಿಯ ಬುಟ್ಟಿ ಹಿಡಿದು ಊಟದ ಹಾಲ್‌ನ ಬಾಗಿಲಲ್ಲಿ ಕೂರುತ್ತೇನೆ. ಬೇಕಾದವರು ಒಯ್ದು, ಮಲಗುವ ಖೋಲಿಯಲ್ಲಿ ತೂಗುಹಾಕಿ, ಎಂದಿನಂತೆಯೇ ಬಾಗಿಲು ಹಾಕಿಕೊಳ್ಳಿ. ಬೇಡದವರು ಹಾಗೆಯೇ ಊಟಕ್ಕೆ ಹೋಗಬಹುದು. ನನ್ನ ಮುಂದೆಯೇ ಹೋಗಬೇಕು, ಅಷ್ಟೇ. ಆ ಹಾಲ್‌ಗೆ ಬೇರೆ ಬಾಗಿಲಿಲ್ಲ.

ಇಷ್ಟು ಹೊತ್ತು ನನ್ನ ಅಣ್ಣನ ಹೆಸರನ್ನು ಸುಮ್ಮನೆ ಕುಳಿತು ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.