ಗೇಟಿನ ಮುಂದೆ ನಿಂತ ಇಡ್ಲಿ ಗಾಡಿ

ನೋಡಿ ತಾಯಂದಿರೇ, ಅಣ್ಣಂದಿರೇ, ‘ನನ್ನದು’ ಎಂಬ ಮಾತಿನ ಬಗ್ಗೆ ಇಷ್ಟು ಹೊತ್ತು ನನ್ನ ಪ್ರವಚನ ಕೇಳಿದಿರಿ. ಕೆಲವರಿಗೆ ಆಕಳಿಕೆಯೂ ಬಂತು, ನೋಡಿದೆ, ಬೇಸರವಿಲ್ಲ. ಈಗ ಒಂದು ರಸ್ತೆಯ ಕಥೆ ಹೇಳುತ್ತೇನೆ.

ಊರೊಂದರ ಅಂಚಿನಲ್ಲಿ ಶ್ರೀಮಂತರೊಬ್ಬರಿದ್ದರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಬ್ಬ ಬಂದರೆ ಕೆಲಸದವರಿಗೆ ಹೊಸ ಬಟ್ಟೆ ಕೊಡುವವರು. ತಮ್ಮ ಹೊಲವನ್ನು ಸೈಟು ಮಾಡಿ ಮಾರಿದರು, ನಡುವೆ ಒಂದು ರಸ್ತೆ ಬಿಟ್ಟರು. ಆ ರಸ್ತೆಯನ್ನು ಪಂಚಾಯಿತಿಗೆ ಬಿಟ್ಟುಕೊಡಬೇಕಿತ್ತು. ಕೊಡಲಿಲ್ಲ. ಅದೇ ರಸ್ತೆಗೆ ತೆರೆಯುವ ಗೇಟಿಟ್ಟು ಮನೆ ಕಟ್ಟಿಕೊಂಡರು. ಯಾರೇ ಕೇಳಿದರೂ ‘ಇದು ನನ್ನ ರಸ್ತೆ’ ಎನ್ನುತ್ತಿದ್ದರು. ಮುಂದೆ ಎಂದಾದರೂ ದಾರಿ ಮುಚ್ಚಿ, ಅದನ್ನೂ ಸೈಟು ಮಾಡುವ ಆಸೆ ಮನಸ್ಸಿನಲ್ಲಿತ್ತು.

ಆ ರಸ್ತೆಯ ಹಿಂಬದಿಯ ಕೇರಿಯಲ್ಲಿ ಒಬ್ಬ ಹೆಂಗಸು. ತಳ್ಳುಗಾಡಿಯಲ್ಲಿ ಇಡ್ಲಿ ಮಾರುವವಳು. ಮೊದಲ ಬಸ್ಸು ಬರುವ ಮೊದಲು ಬಸ್ ಸ್ಟ್ಯಾಂಡ್ ಸೇರಿದರೆ ವ್ಯಾಪಾರ, ಇಲ್ಲದಿದ್ದರೆ ಇಡ್ಲಿ ಆರುತ್ತದೆ, ಮನೆಯ ಒಲೆಯೂ ಆರುತ್ತದೆ. ಕೇರಿಯ ಕಾಂಕ್ರೀಟಿನ ಮೇಲೆ ಗಾಡಿ ಸರಾಗ ಬರುತ್ತಿತ್ತು. ಆಚೆ ಬಸ್ಸಿನ ಟಾರು ರಸ್ತೆಯೂ ಚೆನ್ನಾಗಿತ್ತು. ನಡುವಿನ ಶ್ರೀಮಂತರ ತುಂಡು ಮಾತ್ರ ಬರೀ ಗುಂಡಿ. ಅವರ ಗೇಟಿನ ಮುಂದಿನದಂತೂ ಚಕ್ರ ಮುಳುಗುವ ಗುಂಡಿ. ಸಾಂಬಾರು ಅರ್ಧ ನೆಲಕ್ಕೆ.

ಆದರೆ ಜನ ಒಳ್ಳೆಯವರು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಟಿಫನ್ ಡಬ್ಬಿ ಪಕ್ಕಕ್ಕಿಟ್ಟು ಗಾಡಿ ಎತ್ತುತ್ತಿದ್ದರು. ಟೈಲರ್ ಒಬ್ಬರು ಹಲಗೆ ತಂದು ಚಕ್ರದ ಕೆಳಗೆ ಇಡುತ್ತಿದ್ದರು. ಶ್ರೀಮಂತರ ವಾಚ್‌ಮನ್ನೇ ಅತ್ತಿತ್ತ ನೋಡಿ ಒಂದು ಕೈ ಕೊಡುತ್ತಿದ್ದ. ದಿನವೂ ಎತ್ತುವರು, ದಿನವೂ ದಾಟುವಳು. ಎಷ್ಟು ಚೆಂದ ಅಲ್ಲವೇ? ಈ ಚೆಂದವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಒಂದು ದಿನ ಆಕೆ ಒಡೆದ ಹೆಂಚು, ಇಟ್ಟಿಗೆ ತಂದು ಗುಂಡಿ ಮುಚ್ಚಿದಳು. ಶ್ರೀಮಂತರು ಸಂಜೆಗೆ ತೆಗೆಸಿಹಾಕಿದರು. ಇವತ್ತು ಮಣ್ಣು ಹಾಕಿದವರು ನಾಳೆ ಹಕ್ಕು ಕೇಳುತ್ತಾರೆ ಎಂಬ ಭಯ ಅವರಿಗೆ. ಆಕೆ ಪಂಚಾಯಿತಿಗೆ ಹೋದಳು. ಪಿಡಿಒ ಸಾಹೇಬರು ಕೂರಿಸಿ, ಟೀ ತರಿಸಿ, ತಾಳ್ಮೆಯಿಂದ ಹೇಳಿದರು: “ನೋಡಮ್ಮ, ಹೆದ್ದಾರಿ ದಿಲ್ಲಿಯವರದ್ದು, ಅಲ್ಲಿ ಲೆಕ್ಕ ಶುರುವಾಗೋದೇ ಕೋಟಿಯಿಂದ. ಬಸ್ ಓಡೋ ರಸ್ತೆ ಪಿಡಬ್ಲ್ಯುಡಿಯವರದ್ದು. ನಿಮ್ಮ ಕೇರಿದು ನಮ್ಮದು, ಬರೋ ಪುಡಿಗಾಸಲ್ಲಿ ಹೇಗೋ ಮಾಡ್ತೀವಿ. ಆ ತುಂಡು ಮಾತ್ರ ಖಾಸಗಿ. ಅಲ್ಲಿಗೆ ಒಂದು ಬಾಂಡ್ಲಿ ಜಲ್ಲಿ ಹಾಕಿದ್ರೂ ನನ್ನ ಕೆಲಸಕ್ಕೆ ಕುತ್ತು.”

ಆಕೆ ಟೀ ಲೋಟ ಕೆಳಗಿಟ್ಟಳು. “ಎಲ್ಲಕ್ಕಿಂತ ಕಮ್ಮಿ ಖರ್ಚಲ್ಲಿ ಆಗೋ ರಸ್ತೆನೇ ಆಗಲ್ಲ ಅನ್ನಿ ಹಾಗಾದ್ರೆ.”

ಮರುದಿನ ಬೆಳಿಗ್ಗೆ ಗಾಡಿ ಗೇಟಿನ ಮುಂದೆ ಬಂತು, ಚಕ್ರ ಗುಂಡಿಗೆ ಇಳಿಯಿತು. ಹೆಂಗಸರು ಎಂದಿನಂತೆ ಸೆರಗು ಬಿಗಿದು ಬಂದರು. ಆಕೆ ಕೈ ಅಡ್ಡ ಹಿಡಿದಳು. “ಇವತ್ತು ಯಾರೂ ಎತ್ತಬ್ಯಾಡ್ರವ್ವ. ರಸ್ತೆ ಎಲ್ಲಿಗೆ ಮುಗೀತೋ ಅಲ್ಲೇ ಅಂಗಡಿ.” ಅಲ್ಲೇ ಸ್ಟವ್ ಹಚ್ಚಿದಳು. ಕೇರಿಯವರು ನಿಂತು ತಿಂದರು, ಸೈಟು ಕೊಂಡವರೂ ಬಂದು ತಿಂದರು.

ಶ್ರೀಮಂತರ ಕಾರು ಒಳಗೇ ಉಳಿಯಿತು. ಅವರು ಹೊರಬಂದು, ನನ್ನ ರಸ್ತೆಯಲ್ಲಿ ಏನಿದು ಎಂದು ಕೂಗಾಡಿದರು.

“ರಸ್ತೆ ನಿಮ್ಮದೇ ಸ್ವಾಮಿ, ಯಾರು ಇಲ್ಲ ಅಂದ್ರು? ಗುಂಡಿನೂ ನಿಮ್ಮದೇ. ನನ್ನ ಚಕ್ರ ನಿಮ್ಮ ಗುಂಡೀಲಿ ಸಿಕ್ಕೊಂಡದೆ, ಬಿಡಿಸ್ಕೊಡಿ.”

ವಾಚ್‌ಮನ್‌ಗೆ ಗಾಡಿ ತಳ್ಳು ಎಂದರು. ಅವನಿಗೆ ಅದೇ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಪಂಚಾಯಿತಿಗೆ ಫೋನ್ ಮಾಡಿದರು. ಖಾಸಗಿ ರಸ್ತೆ ಸಾರ್, ನಾವು ಕೈ ಹಾಕುವಂತಿಲ್ಲ ಎಂದರು. ಪೊಲೀಸರನ್ನು ಕರೆಸಿದರು. ಇನ್‌ಸ್ಪೆಕ್ಟರು ನಿಂತು ಎರಡು ಇಡ್ಲಿ ತಿಂದು, ದುಡ್ಡೂ ಕೊಟ್ಟು ಹೇಳಿದರು: “ಸಾರ್ವಜನಿಕ ರಸ್ತೆ ಅನ್ನಿ, ಈಗಲೇ ಎತ್ತಿಸ್ತೀನಿ. ಸ್ವಂತದ್ದು ಅಂದ್ರೆ ಕೋರ್ಟಿಗೆ ಹೋಗಿ.”

ಕೇಳಿದಿರಾ? ಆ ಹೆಂಗಸಿಗೆ ಮುಚ್ಚಿದ್ದ ಅದೇ ಬಾಗಿಲು, ಅದೇ ಮಾತು ಹೇಳಿ, ಈಗ ಅವರಿಗೂ ಮುಚ್ಚಿತು. ಹೊತ್ತೇರಿದ ಮೇಲೆ ಹಗುರಾದ ಗಾಡಿಯನ್ನು ಆಕೆ ಕೇರಿಗೆ ಎಳೆದೊಯ್ಯುವಳು, ಆದರೆ ದಿನವೂ ಬಂದಳು. ಅದೇ ಗುಂಡಿ, ಅದೇ ಗಾಡಿ. ಬಸ್ ಸ್ಟ್ಯಾಂಡಿನಷ್ಟು ವ್ಯಾಪಾರ ಅಲ್ಲಿಲ್ಲ, ಇಡ್ಲಿ ಉಳಿಯುತ್ತಿತ್ತು, ಮನೆಯಲ್ಲಿ ಅದೇ ಊಟ. ಆದರೂ ಬಂದಳು. ಕೊನೆಗೆ ಶ್ರೀಮಂತರು ಸಿಟ್ಟಿನಲ್ಲೇ ರಸ್ತೆಯನ್ನು ಪಂಚಾಯಿತಿಗೆ ಬರೆದುಕೊಟ್ಟರು. “ಈಗ ನಿಮ್ಮದು. ಇವಳನ್ನು ಎತ್ತಿಸಿ” ಎಂದರು. ಪಿಡಿಒ ಜಲ್ಲಿ ತುಂಬಿದ ಟ್ರ್ಯಾಕ್ಟರಿನ ಜೊತೆ ಬಂದರು. ಎತ್ತಿಸಬೇಕಾದರೆ ಮೊದಲು ಗುಂಡಿ ಮುಚ್ಚಬೇಕಲ್ಲ! ಮುಚ್ಚಿದರು. ಯಾರೂ ಎತ್ತಬೇಕಾಗಲಿಲ್ಲ. ಗಾಡಿ ತಾನಾಗಿ ಉರುಳಿತು.

ಹೋಗುವಾಗ ಆಕೆ ಒಂದು ತಟ್ಟೆ ಇಡ್ಲಿ ಗೇಟಿನ ಕಂಬದ ಮೇಲಿಟ್ಟಳು. “ಬಿಸಿ ಇದೆ, ತಿನ್ನಿ ಸ್ವಾಮಿ. ರಸ್ತೆ ಎಲ್ಲೂ ಹೋಗಿಲ್ಲ. ನೀವೂ ಓಡಾಡಿ.”

ನಗುತ್ತಿದ್ದೀರಿ. ಶ್ರೀಮಂತರಿಗೆ ಹಾಗೇ ಆಗಬೇಕು ಎಂದು ನಗುತ್ತಿದ್ದೀರಿ. ನೋಡಿ, ನಾನು ಈ ಕಥೆ ಹೇಳಿದ್ದು ಅವರಿಗಲ್ಲ, ಅವರು ಇವತ್ತು ಬಂದೇ ಇಲ್ಲ. ನೀವು ಬೆಳಿಗ್ಗೆ ಬಾಗಿಲ ಮುಂದೆ ಗುಡಿಸಿ ನೀರು ಹಾಕುತ್ತೀರಲ್ಲ, ಕಸವನ್ನು ಎಲ್ಲಿಗೆ ತಳ್ಳುತ್ತೀರಿ? ಸ್ಕೂಟರು ನಿಲ್ಲಿಸುವಾಗ ‘ನಮ್ಮ ಮನೆ ಮುಂದಿನ ರಸ್ತೆ’. ಚರಂಡಿ ಕಟ್ಟಿಕೊಂಡರೆ ‘ಪಂಚಾಯಿತಿ ರಸ್ತೆ’. ಮನೆ ಕಟ್ಟಿ ಮುಗಿದು ಗೃಹಪ್ರವೇಶದ ಊಟವನ್ನೂ ಹಾಕಿಸಿದಿರಿ, ಮರಳಿನ ಗುಡ್ಡೆ ಇನ್ನೂ ಬೀದಿಯಲ್ಲೇ ಇದೆ. ಅದು ಯಾರದ್ದು?

ಇನ್ನೊಂದು ಮಾತು, ಇದು ಒಳ್ಳೆಯವರಿಗೆ. ಹಲಗೆ ತಂದಿಟ್ಟ ಟೈಲರ್, ಗಾಡಿ ಎತ್ತಿದ ಹೆಂಗಸರು, ಅವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ಆದರೆ ಅವರು ಎತ್ತುತ್ತಿದ್ದಷ್ಟು ದಿನ ಗುಂಡಿ ಯಾರಿಗೂ ಕಾಣಲಿಲ್ಲ. ನಮ್ಮ ದಯೆ ಹಾಗೆ ಗುಂಡಿಯ ಮೇಲೆ ಹಾಸಿದ ಚಾಪೆಯಾಗಬಾರದು.

ಈ ಸಭಾಂಗಣದ ಮೆಟ್ಟಿಲ ಮುಂದೆ ಚರಂಡಿಯ ಚಪ್ಪಡಿ ಮುರಿದಿದೆ. ನೀಲಿ ಸೀರೆಯ ತಾಯಿಯೊಬ್ಬರು ಕೈ ಹಿಡಿದು ನನ್ನನ್ನು ದಾಟಿಸಿದರು, ತುಂಬಾ ಮೆದುವಾಗಿ. ಪ್ರತಿ ವರ್ಷ ಯಾರಾದರೊಬ್ಬರು ಹಾಗೇ ದಾಟಿಸುತ್ತಾರೆ. ಚಪ್ಪಡಿ ಸಭಾಂಗಣದ ಟ್ರಸ್ಟಿನದೋ ಪಂಚಾಯಿತಿಯದೋ ಎಂದು ನೀವು ಇನ್ನೂ ಮಾತಾಡುತ್ತಿದ್ದೀರಿ.

ಇವತ್ತು ನಾನು ದಾಟುವುದಿಲ್ಲ. ಕುರ್ಚಿ ತಂದು ಆ ಮೆಟ್ಟಿಲ ಮೇಲೆ ಹಾಕಿ, ಕೂತುಕೊಳ್ಳುತ್ತೇನೆ. ಚಪ್ಪಡಿ ಬರಲಿ. ನನಗೆ ಅವಸರವಿಲ್ಲ.